ಸನ್ನದಿನ ಮೇಲೆ ಊರಿನ ಸಹಿ ಇಲ್ಲ

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ, ಚನ್ನಗಿರಿಯ ಅಡಿಕೆ ಮಂಡಿಯ ಎದುರಿನ ಟೀ ಅಂಗಡಿಯಲ್ಲಿ, ಜಗಳೂರಿನ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ, ಈ ಎರಡು ಮೂರು ವರ್ಷಗಳಲ್ಲಿ ಒಂದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿದ್ದೇನೆ. "ಹೆಂಗೂ ಹಳ್ಳಿಹಳ್ಳಿಗೂ ಎಣ್ಣೆ ಸಿಗ್ತತಿ. ಕಿರಾಣಿ ಅಂಗಡ್ಯಾಗೆ ಕದ್ದು ಮಾರೋ ಬದ್ಲು ಸರ್ಕಾರದೋರೇ ಒಂದೊಂದು ಅಂಗಡಿ ಕೊಟ್ಟುಬಿಟ್ರೆ ಆತಪ್ಪ. ಕಳ್ಳ ವ್ಯಾಪಾರನೂ ನಿಲ್ತತಿ, ಸರ್ಕಾರಕ್ಕೆ ನಾಕು ಕಾಸೂ ಬರ್ತತಿ."

ಹೀಗೆ ಹೇಳುವವರಲ್ಲಿ ಕುಡಿಯುವವರಿಗಿಂತ ಕುಡಿಯದವರೇ ಹೆಚ್ಚು. ಮೇಷ್ಟ್ರು, ಎಲ್‌ಐಸಿ ಏಜೆಂಟರು, ಪಂಚಾಯಿತಿಯ ಮಾಜಿ ಸದಸ್ಯರು, ಪತ್ರಿಕೆಗಳ ಬಿಡಿ ಸುದ್ದಿಗಾರರು. ಒಟ್ಟಿನಲ್ಲಿ ಊರಿನ ಸಜ್ಜನರು. ಮಾತಿಗೆ ತೂಕ ಬಂದಿರುವುದೂ ಅದರಿಂದಲೇ. ವಿಧಾನಸೌಧದಲ್ಲಿ ಕೂತವರ ತರ್ಕವೂ ಇದೇ. 2023ರಲ್ಲಿ ಅಬಕಾರಿ ಸಚಿವ ಆರ್.ಬಿ. ತಿಮ್ಮಾಪುರ ಅವರ ಇಲಾಖೆ 3,000ಕ್ಕಿಂತ ಹೆಚ್ಚು ಜನಸಂಖ್ಯೆಯ ಗ್ರಾಮ ಪಂಚಾಯಿತಿಗಳಲ್ಲಿ ಹೊಸ ಮದ್ಯದಂಗಡಿ ತೆರೆಯುವ ಪ್ರಸ್ತಾವ ಮುಂದಿಟ್ಟಿತು. ಗದ್ದಲ ಎದ್ದ ಮೇಲೆ ಅದು ಕಪಾಟು ಸೇರಿತು. 2025-26ರ ಬಜೆಟ್ಟಿನಲ್ಲಿ ಅದೇ ಯೋಚನೆ ಹಿತ್ತಲ ಬಾಗಿಲಿಂದ ಒಳಗೆ ಬಂತು: ಖಾಲಿ ಬಿದ್ದ ಸನ್ನದುಗಳನ್ನು ಹುಡುಕಿ ತೆಗೆದು ಆನ್‌ಲೈನ್ ಹರಾಜು ಹಾಕುವುದು. ಆ ವರ್ಷ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ.

ಸರ್ಕಾರಕ್ಕೆ ದುಡ್ಡು ಬೇಕು ಎಂದರೆ ನನಗೆ ಅರ್ಥವಾಗುತ್ತದೆ. ದುಡ್ಡಿಗೆ 'ನಿಯಂತ್ರಣ' ಎಂಬ ಪಂಚೆ ಉಡಿಸಿ ಮೆರವಣಿಗೆ ಹೊರಡಿಸಿದರೆ ಮಾತ್ರ ತಡೆದು ನಿಲ್ಲಿಸಬೇಕಾಗುತ್ತದೆ. ಅಂಗಡಿ ಹೆಚ್ಚಿದಷ್ಟೂ ಅಕ್ರಮ ಕಡಿಮೆಯಾಗುತ್ತದೆ ಎಂಬುದು ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣು ಬಿಟ್ಟು ಓಡಾಡುವ ಯಾರೂ ಒಪ್ಪಬಾರದ ಮಾತು.

ಮೊದಲು, ಆ ಕಿರಾಣಿ ಅಂಗಡಿಯಲ್ಲಿ ಕದ್ದು ಮಾರುವುದು ಏನನ್ನು ಎಂದು ನೋಡೋಣ. ಅದು ಕಳ್ಳಬಟ್ಟಿಯಲ್ಲ, ಗೋವಾದಿಂದ ಬಂದ ಸುಂಕವಿಲ್ಲದ ಮಾಲೂ ಅಲ್ಲ. ನಮ್ಮದೇ ರಾಜ್ಯದ ಡಿಸ್ಟಿಲರಿಯಲ್ಲಿ ತಯಾರಾಗಿ, ರಾಜ್ಯ ಪಾನೀಯ ನಿಗಮದ ಡಿಪೊ ಮೂಲಕ ಬಂದು, ಮೇಲೆ ಅಬಕಾರಿ ಚೀಟಿ ಅಂಟಿಸಿಕೊಂಡ 90 ಎಂಎಲ್ ಪ್ಯಾಕೆಟ್ಟು. 2003ರಿಂದ ಈ ರಾಜ್ಯದಲ್ಲಿ ಸಗಟು ಮದ್ಯವೆಲ್ಲ ಆ ನಿಗಮದ ಕೈಯಿಂದಲೇ ಹಾಯಬೇಕು. ಡಿಪೊ ದಾಟುವ ಹೊತ್ತಿಗೆ ಸುಂಕ, ಹೆಚ್ಚುವರಿ ಸುಂಕ ಎಲ್ಲ ಖಜಾನೆ ಸೇರಿ ಆಗಿರುತ್ತದೆ. ಅಲ್ಲಿಂದ ಪಟ್ಟಣದ ವೈನ್ ಶಾಪಿಗೋ ಎಂಎಸ್‌ಐಎಲ್ ಮಳಿಗೆಗೋ ಬರುತ್ತದೆ. ಬೆಳಿಗ್ಗೆ ಬಾಗಿಲು ತೆಗೆದ ಅರ್ಧ ಗಂಟೆಯೊಳಗೆ ಬೈಕಿನಲ್ಲಿ ಬರುವವನು ನಿತ್ಯದ ಗಿರಾಕಿ. ಪೆಟ್ರೋಲ್ ಟ್ಯಾಂಕಿನ ಮೇಲೊಂದು ಬಾಕ್ಸು, ಹಿಂದಿನ ಸೀಟಿಗೆ ಕಟ್ಟಿದ ಗೊಬ್ಬರದ ಚೀಲದಲ್ಲಿ ಇನ್ನೊಂದು, ಅದರ ಮೇಲೆ ಮರ್ಯಾದೆಗೆಂದು ನಾಲ್ಕು ಕಟ್ಟು ಕೊತ್ತಂಬರಿ ಸೊಪ್ಪು. ಒಬ್ಬನಿಗೆ ಇಷ್ಟೇ ಮಾರಬೇಕೆಂಬ ಮಿತಿ ಕಾನೂನಿನಲ್ಲಿದೆ. ಕೊಡುವವನೂ ಬಲ್ಲ, ಒಯ್ಯುವವನೂ ಬಲ್ಲ. ಹತ್ತೂವರೆಗೆಲ್ಲ ಅದು ಹಳ್ಳಿಯ ಗೂಡಂಗಡಿಯಲ್ಲಿ, ಬಿಸ್ಕತ್ತಿನ ಡಬ್ಬಿಯ ಹಿಂದೆ. ಎಂಆರ್‌ಪಿ ಮೇಲೆ ಹತ್ತೋ ಇಪ್ಪತ್ತೋ ರೂಪಾಯಿ ಹೆಚ್ಚು.

ಹೀಗಿರುವಾಗ ಅಕ್ರಮ ಎಂದರೆ ಯಾವುದು? ಸಕ್ರಮ ಅಂಗಡಿಯ ಬಾಲವೇ ಅದು. ಬಾಲ ಉದ್ದವಾಯಿತೆಂದು ಇನ್ನೊಂದು ಹಸು ತಂದು ಕಟ್ಟಿದರೆ ಬಾಲ ಎರಡಾಗುತ್ತದೆ. ಹತ್ತು ಕಿಲೋಮೀಟರು ದೂರದ ಪಟ್ಟಣದಿಂದ ಮಾಲು ಹೊರುತ್ತಿದ್ದ ಬೈಕಿನವನಿಗೆ ಮೂರು ಕಿಲೋಮೀಟರಿನಲ್ಲೇ ಅಂಗಡಿ ಸಿಕ್ಕರೆ ಪೆಟ್ರೋಲು ಉಳಿಯುತ್ತದೆ; ಮೊನ್ನೆಯವರೆಗೆ ದೂರವೆಂದು ಬಿಟ್ಟಿದ್ದ ಎರಡು ಕುಗ್ರಾಮಗಳಿಗೂ ಅವನು ಹೋಗಿ ಬರಬಲ್ಲ. ಇಲಾಖೆಗೆ ಇದರಿಂದ ಒಂದು ರೂಪಾಯಿಯೂ ನಷ್ಟವಿಲ್ಲ. ಅಕ್ರಮದಿಂದ ಬೊಕ್ಕಸಕ್ಕೆ ಹೊಡೆತ ಎಂದು ಟೀವಿಯಲ್ಲಿ ಕೂತು ಮರುಗುವವರು ಈ ಒಂದು ಲೆಕ್ಕ ಮಾಡಿದ್ದರೆ ಸುಮ್ಮನಾಗುತ್ತಿದ್ದರು. ಗೂಡಂಗಡಿಯಲ್ಲಿ ಹರಿದ ಪ್ರತಿ ಪ್ಯಾಕೆಟ್ಟೂ ಆ 40,000 ಕೋಟಿಯೊಳಗೇ ಇದೆ.

ಚನ್ನಗಿರಿಯವರಿಗೆ ಒಂದೇ ಮಾಲನ್ನು ಸಕ್ರಮ, ಅಕ್ರಮ ಎಂದು ಎರಡಾಗಿ ತೋರಿಸುವ ಈ ಜಾಣತನವನ್ನು ಬಿಡಿಸಿ ಹೇಳಬೇಕಿಲ್ಲ, ಅಡಿಕೆ ಬೆಳೆದವರು. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡೂ ಒಂದೇ ದಾರಕ್ಕೆ ಪಕ್ಕಪಕ್ಕ ನೇತಾಡಿದವು. ಚೀಟಿ ಎರಡಾದರೂ ಬಾಯಿ ಒಂದೇ.

ಇನ್ನು, ಹಿಡಿಯುವುದು ಹೇಗೆ ಎಂಬ ಕತೆ. ಜಿಲ್ಲೆಯ ಪತ್ರಿಕೆಗಳ ಒಳಪುಟ ತೆರೆದರೆ ಮೂರು ದಿನಕ್ಕೊಮ್ಮೆ ಕಾಣುವ ಸುದ್ದಿ: ಅಬಕಾರಿ ಕಾಯ್ದೆಯ ಕಲಂ 15(ಎ), 32(3)ರ ಅಡಿ ಪ್ರಕರಣ. ಈ ಕಲಮುಗಳನ್ನು ಒಮ್ಮೆ ಗಮನಿಸಿ. ಮಾರಿದ್ದಕ್ಕೆ ಹಾಕುವ ಕೇಸಲ್ಲ ಇದು. ಸಾರ್ವಜನಿಕ ಜಾಗದಲ್ಲಿ ಕೂತು ಕುಡಿಯಲು ಅನುವು ಮಾಡಿಕೊಟ್ಟದ್ದಕ್ಕೆ. ಜಪ್ತಿ ಪಂಚನಾಮೆಯ ಪಟ್ಟಿಯೋ, ಬಾಯಿಪಾಠವಾಗುವಷ್ಟು ಒಂದೇ ಬಗೆ. 90 ಎಂಎಲ್‌ನ ನಾಲ್ಕೈದು ತುಂಬಿದ ಪ್ಯಾಕೆಟ್ಟು, ಎರಡು ಖಾಲಿ ಪ್ಯಾಕೆಟ್ಟು, ಮದ್ಯದ ವಾಸನೆಯ ಎರಡು ಪ್ಲಾಸ್ಟಿಕ್ ಲೋಟ, ಅರ್ಧ ನೀರಿರುವ ಒಂದು ಬಾಟಲಿ. ಆರೋಪಿ ಬಹುಪಾಲು ವಿಧವೆಯೋ, ಕೈಕಾಲು ಸೋತ ಮುದುಕನೋ, ಬೇರೆ ದುಡಿಮೆ ಇಲ್ಲದವರೋ. ಠಾಣೆಯಲ್ಲೇ ಜಾಮೀನು, ಕೋರ್ಟಿನಲ್ಲಿ ದಂಡ, ಮರುವಾರ ಮತ್ತೆ ಬಿಸ್ಕತ್ತಿನ ಡಬ್ಬಿ.

ನ್ಯಾಮತಿ ಕಡೆಯ ಹಳ್ಳಿಯೊಂದರಲ್ಲಿ ಇಂಥ ಕೇಸು ಎರಡು ಸಲ ಹಾಕಿಸಿಕೊಂಡ ಅಜ್ಜಿಯೊಬ್ಬರನ್ನು ಮಾತಾಡಿಸಿದ್ದೆ. ಊರಿನ ಹೆಸರು ಬೇಡ. ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಮಾರಾಕೆ ಕೊಡಾನು ಅಂಗಡಿಯಾನು, ಹಿಡಿಯಾಕೆ ಬರಾನು ಪೊಲೀಸಪ್ಪ. ಇಬ್ರೂ ಒಂದೇ ಹೋಟ್ಲಾಗೆ ಟೀ ಕುಡೀತಾರಪ್ಪ. ಟೀ ದುಡ್ಡು ಮಾತ್ರ ನಂದು" ಎಂದರು, ತಲೆ ಎತ್ತದೆ. ಬೀಜ ಬಿಡಿಸುವ ಸುತ್ತಿಗೆ ನಿಲ್ಲಲಿಲ್ಲ.

ಅವರ ಡಬ್ಬಿಯ ಹಿಂದೆ ಸಿಕ್ಕ ಪ್ಯಾಕೆಟ್ಟಿನ ಮೇಲೆ ಬ್ಯಾಚ್ ನಂಬರು ಇರುತ್ತದೆ. ಆ ಬ್ಯಾಚು ಹತ್ತಿರದ ಯಾವ ಯಾವ ಅಂಗಡಿಗೆ ಹೋಗಿತ್ತೆಂದು ಡಿಪೊದ ಬಿಲ್ಲು ಹೇಳುತ್ತದೆ. ಸನ್ನದಿನ ಷರತ್ತು ಮುರಿದವನ ಮೇಲೆ ಕೇಸು ಹಾಕಲು ಅದೇ ಕಾಯ್ದೆಯಲ್ಲಿ ಕಲಂ 36 ಇದೆ. ಪ್ಯಾಕೆಟ್ಟು ಹಿಡಿದು ಹಿಂದಕ್ಕೆ ನಡೆದರೆ ಎರಡು ಹೆಜ್ಜೆಯಲ್ಲಿ ಪಟ್ಟಣದ ಕೌಂಟರು ಸಿಗುತ್ತದೆ. ಆ ಎರಡು ಹೆಜ್ಜೆ ನಡೆದ ಸುದ್ದಿ ಒಳಪುಟದಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬಲು ಅಪರೂಪ. ಇರುವ ಅಂಗಡಿಗಳನ್ನೇ ಹೀಗೆ ಕಾಯುವವರ ಕೈಗೆ ಇನ್ನಷ್ಟು ಅಂಗಡಿ ಕೊಟ್ಟರೆ ಕಾವಲು ಬಿಗಿಯಾಗುತ್ತದಂತೆ!

ಅಂಗಡಿಯವರನ್ನು ಮಾತ್ರ ಬೈದು ಮುಗಿಸಿದರೂ ತಪ್ಪಾಗುತ್ತದೆ. ತಿಂಗಳಿಗೆ ಇಷ್ಟು ಬಾಕ್ಸು ಎತ್ತಲೇಬೇಕೆಂದು ಇಲಾಖೆ ಕತ್ತಿನ ಮೇಲೆ ಕೂರುತ್ತದೆ ಎಂಬುದು ಅವರ ಹಳೆಯ ದೂರು. 2024ರ ನವೆಂಬರ್ 20ರಂದು ರಾಜ್ಯದಾದ್ಯಂತ ಅಂಗಡಿ ಮುಚ್ಚುತ್ತೇವೆಂದು ಮದ್ಯ ವ್ಯಾಪಾರಿಗಳ ಒಕ್ಕೂಟ ಘೋಷಿಸಿದ್ದು ಇಲಾಖೆಯ ಲಂಚದ ವಿರುದ್ಧವೇ. ಆಮೇಲೆ ಮಾತುಕತೆಯಾಗಿ ಕೈಬಿಟ್ಟರು. ಚನ್ನಗಿರಿಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ, ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಮನೆಗಳಲ್ಲಿ ರಾತ್ರಿಯೆಲ್ಲ ಸುಲಿತ ನಡೆದು ವಾರದ ಬಟವಾಡೆ ಆಗುವ ದಿನ, ಕೌಂಟರಿನ ಮುಂದೆ ನಿಲ್ಲಲು ಜಾಗವಿರುವುದಿಲ್ಲ. ಜಗಳೂರಿನಲ್ಲಿ ಮಳೆ ಕೈಕೊಟ್ಟ ವರ್ಷ ಅರ್ಧ ಹಳ್ಳಿ ಬೆಂಗಳೂರಿಗೋ ಕಾಫಿ ಸೀಮೆಗೋ ಗುಳೆ ಹೋಗಿರುತ್ತದೆ. ಗುರಿಗೆ ಮಳೆ ಬೆಳೆ ಎಂಬುದಿಲ್ಲ, ಅದು ವರ್ಷದಿಂದ ವರ್ಷಕ್ಕೆ ಏರುತ್ತದೆ ಅಷ್ಟೆ. ಅಂಗಡಿಯಲ್ಲಿ ನಿಂತು ಕೊಳ್ಳುವವರು ಕಡಿಮೆಯಾದಾಗ ಉಳಿದ ಬಾಕ್ಸು ಹೋಗುವುದೆಲ್ಲಿಗೆ? ಕೊತ್ತಂಬರಿ ಸೊಪ್ಪಿನ ಕೆಳಗೆ.

ನಮ್ಮ ಆಡುಮಾತಿನಲ್ಲಿ ಲೈಸೆನ್ಸು. ಇಲಾಖೆಯ ಕಾಗದದಲ್ಲಿ ಅದಕ್ಕೆ 'ಸನ್ನದು', ಅಂಗಡಿಯವ 'ಸನ್ನದುದಾರ'. ಎಷ್ಟು ಸರಿಯಾದ ಪದ ನೋಡಿ. ನವಾಬರು, ಪಾಳೇಗಾರರು ಉಂಬಳಿ ಬರೆದುಕೊಡುತ್ತಿದ್ದ ಕಾಲದ ಪದ. ಅದರ ಗುಣವೂ ಉಂಬಳಿಯದೇ. 1992ರಿಂದ ರಾಜ್ಯದಲ್ಲಿ ಹೊಸದಾಗಿ ಸಿಎಲ್-2, ಅಂದರೆ ವೈನ್ ಶಾಪಿನ ಸನ್ನದು, ಸಿಎಲ್-9, ಅಂದರೆ ಬಾರಿನ ಸನ್ನದು, ಕೊಡುವುದು ನಿಂತಿತು. ಕುಡಿತ ಕಡಿಮೆ ಮಾಡುವ ಕ್ರಮ ಎಂದು ಎಲ್ಲರೂ ನಂಬಿದರು. ಆದದ್ದು ಏನೆಂದರೆ, ಇದ್ದ ಕಾಗದಕ್ಕೆ ಚಿನ್ನದ ಬೆಲೆ ಬಂತು. ಸನ್ನದುದಾರ ಸತ್ತರೆ ವಾರಸುದಾರರಿಗೆ ವರ್ಗ ಮಾಡಲು ನಿಯಮ 17(ಎ), ದುಡ್ಡು ಕಟ್ಟಿ ಬೇರೆಯವರಿಗೆ ವರ್ಗಾಯಿಸಲು 17(ಬಿ). ಕಾಗದ ಒಬ್ಬರ ಹೆಸರಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಇನ್ನೊಬ್ಬರು, ಇದು ಯಾರಿಗೂ ಗುಟ್ಟಲ್ಲ. ಗದ್ದೆ ಗುತ್ತಿಗೆಗೆ ಕೊಟ್ಟ ಹಾಗೆ. ಬಾಗಿಲು ಮುಚ್ಚಿದೆ ಎಂದ ಮೇಲೂ ಕಿಟಕಿ ತೆರೆದೇ ಇತ್ತು: ವಸತಿಗೃಹದ ಹೆಸರಿನ ಸಿಎಲ್-7, ಸರ್ಕಾರಿ ಎಂಎಸ್‌ಐಎಲ್‌ಗೆ ಸಿಎಲ್-11(ಸಿ). ಸಣ್ಣ ಪಟ್ಟಣದಲ್ಲಿ ಯಾರೂ ಮಲಗದ ಮಂಚಗಳಿರುವ ಲಾಡ್ಜೊಂದು ಎದ್ದರೆ ಕೆಳಗಿನ ಮಹಡಿಯಲ್ಲಿ ಏನು ಬರುತ್ತದೆಂದು ಗಾರೆ ಕೆಲಸದವನಿಗೂ ಗೊತ್ತಿರುತ್ತದೆ. ಮಕ್ಕಳಿಗೆ ನೋಟ್‌ಬುಕ್ ಮಾರುವ ಸಂಸ್ಥೆಯೂ ಅಪ್ಪಂದಿರಿಗೆ ಕ್ವಾರ್ಟರ್ ಮಾರುವ ಸಂಸ್ಥೆಯೂ ಒಂದೇ ಎಂಎಸ್‌ಐಎಲ್ ಆಗಿರುವ ರಾಜ್ಯ ನಮ್ಮದು.

ಅನುಮತಿ ಎಂದರೆ ತಪ್ಪಿದರೆ ಹಿಂದಕ್ಕೆ ಪಡೆಯುವಂಥದ್ದು. ಮಗನಿಗೆ ಬಳುವಳಿಯಾಗಿ ಹೋಗುವುದು, ಮಾರಿಕೊಳ್ಳಬಹುದಾದದ್ದು, ಬಾಡಿಗೆಗೆ ಬಿಡಬಹುದಾದದ್ದು ಆಸ್ತಿ. ಆಸ್ತಿ ಹಂಚಿಕೆಯನ್ನು ನಿಯಂತ್ರಣ ಎಂದು ಕರೆಯುವವರಿಗೆ ಏನು ಹೇಳಲಿ!

ಈ ನಾಲ್ಕು ಊರುಗಳಲ್ಲೊಂದರಲ್ಲಿ ಅಧಿಕಾರಿಗಳು ಟೇಪು ಹಿಡಿದದ್ದನ್ನು ನಾನು ನೋಡಿದ್ದೇನೆ. ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮದಂತೆ ಶಾಲೆ, ದೇವಸ್ಥಾನ, ಆಸ್ಪತ್ರೆ, ಸರ್ಕಾರಿ ಕಚೇರಿ, ಪರಿಶಿಷ್ಟರ ಕಾಲೊನಿಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಕೂಡದು. ಅಳೆಯುವುದು ಕಾಗೆ ಹಾರುವ ದಾರಿಯಲ್ಲಲ್ಲ, ಬಾಗಿಲಿಂದ ಗೇಟಿಗೆ ಮನುಷ್ಯ ನಡೆಯುವ ದಾರಿಯಲ್ಲಿ. ಶಾಲೆಯ ಗೇಟಿನಿಂದ ಟೇಪು ಹೊರಟಿತು. ಮೊದಲ ಅಳತೆಯಲ್ಲಿ ಎಂಬತ್ತು ಚಿಲ್ಲರೆ ಮೀಟರು. ಯಾರೂ ಏನೂ ಮಾತಾಡಲಿಲ್ಲ. ಒಂದು ತಿಂಗಳ ಮೇಲೆ ಹೋಗಿ ನೋಡಿದರೆ ಬೀದಿ ಕಡೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿ, ಪಕ್ಕದ ಓಣಿಗೆ ಹೊಸ ಬಾಗಿಲು ಇಟ್ಟಿದ್ದರು. ಟೇಪು ಈಗ ಮೂಲೆ ಸುತ್ತಿ ಓಣಿಯೊಳಗೆ ಹೋಗಬೇಕು, ನೂರು ದಾಟಿತು. ಮಕ್ಕಳು ಹೋಗಿ ಬರುವ ಬೀದಿ ಅದೇ, ಬೋರ್ಡು ಕಾಣುವುದು ಅದೇ ಬೀದಿಗೆ, ಹಾಡೂ ಅದೇ ಬೀದಿಗೆ ಕೇಳುವುದು. ಕಾನೂನು ಪಾಲನೆಯಾಯಿತು. ಎರಡನೇ ಅಳತೆಗೆ ಅಲ್ಲಿದ್ದ ಪೋಷಕರೊಬ್ಬರು, ಹಾಗಾದರೆ ಶಾಲೆ ಗೇಟನ್ನೂ ನಾವು ಓಣಿ ಕಡೆಗೆ ತಿರುಗಿಸೋಣವಾ ಎಂದು ಕೇಳಿದ್ದರು. ಅರ್ಜಿ ಕೊಡಿ ಎಂದರು ಅಧಿಕಾರಿಗಳು.

ಇದೇ ಟೇಪಿನಾಟ ದೇಶದ ಮಟ್ಟದಲ್ಲೂ ನಡೆದಿದೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದು ಎಂದಿತು. ಮೂರೂವರೆ ತಿಂಗಳಲ್ಲಿ, 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಅದು 220 ಮೀಟರಾಯಿತು. 2017ರ ಜುಲೈ ಹೊತ್ತಿಗೆ ಪಟ್ಟಣದ ಮಿತಿಯೊಳಗೆ ಆ ನಿಯಮದ ಬಿಗಿಯೇ ಹೋಯಿತು. ಅಷ್ಟರೊಳಗೆ ರಾಜ್ಯ ಸರ್ಕಾರಗಳು, ನಮ್ಮದೂ ಸೇರಿ, ಬಾರು ಕದಲಿಸುವ ಬದಲು ಹೆದ್ದಾರಿಯ ಹೆಸರನ್ನೇ ಕದಲಿಸಲು ಹೊರಟಿದ್ದವು.

ಈ ಗಲಾಟೆಯಲ್ಲಿ ಊರು ಎಲ್ಲಿದೆ? ನಾನು ಕೇಳುವ ಪ್ರಶ್ನೆ ಇದೊಂದೇ. ಚನ್ನಗಿರಿಯಲ್ಲಿ ಪುರಸಭೆ ಇದೆ, ಜಗಳೂರಿನಲ್ಲಿ ಪಟ್ಟಣ ಪಂಚಾಯಿತಿ ಇದೆ. ಕೋಳಿ ಅಂಗಡಿಗೆ, ಹಿಟ್ಟಿನ ಗಿರಣಿಗೆ, ಬೀದಿ ಬದಿಯ ಗೋಬಿ ಗಾಡಿಗೆ ಅವುಗಳ ಅಪ್ಪಣೆ ಬೇಕು. ಮದ್ಯದಂಗಡಿ ಬರಬೇಕೇ ಬೇಡವೇ, ಎಷ್ಟು, ಯಾವ ಬೀದಿಯಲ್ಲಿ ಎಂದು ತೀರ್ಮಾನಿಸುವವರು ಜಿಲ್ಲಾಧಿಕಾರಿ ಮತ್ತು ಅಬಕಾರಿ ಆಯುಕ್ತರು. ಸಂವಿಧಾನದ 74ನೇ ತಿದ್ದುಪಡಿ ಪಟ್ಟಣಗಳಿಗೆ 18 ವಿಷಯಗಳನ್ನು ಕೊಟ್ಟಿತು. ಕೊನೆಯದು ಕಸಾಯಿಖಾನೆ ಮತ್ತು ಚರ್ಮ ಹದ ಮಾಡುವ ಘಟಕಗಳ ನಿಯಂತ್ರಣ. ಪಂಚಾಯಿತಿಗಳಿಗೆ 29 ವಿಷಯ ಸಿಕ್ಕವು. ಎರಡೂ ಪಟ್ಟಿಯಲ್ಲಿ ಹುಡುಕಿದರೆ ಮದ್ಯ ಎಂಬ ಪದವಿಲ್ಲ. ಕುರಿ ಕಡಿಯುವ ಜಾಗವನ್ನು ಊರು ಗೊತ್ತುಮಾಡಬಲ್ಲದು, ಕುಡಿಯುವ ಜಾಗವನ್ನಲ್ಲ. ಆ ತಿದ್ದುಪಡಿಯನ್ನು ಸಂಸತ್ತು ಒಪ್ಪಿದ್ದೂ 1992ರಲ್ಲೇ, ಸನ್ನದುಗಳಿಗೆ ಚಿನ್ನದ ಬೆಲೆ ಬಂದ ಅದೇ ವರ್ಷ.

ಅಧಿಕಾರ ಕೊಡಲು ಬರುವುದೇ ಇಲ್ಲ ಎಂದಲ್ಲ. 1996ರ ಪೆಸಾ ಕಾಯ್ದೆ ಅನುಸೂಚಿತ ಪ್ರದೇಶಗಳ ಆದಿವಾಸಿ ಗ್ರಾಮಸಭೆಗಳಿಗೆ ಮಾದಕ ವಸ್ತುಗಳ ಮಾರಾಟವನ್ನು ನಿಷೇಧಿಸುವ, ನಿರ್ಬಂಧಿಸುವ ಅಧಿಕಾರವನ್ನು ಬರೆದೇ ಕೊಟ್ಟಿದೆ. ಕರ್ನಾಟಕದಲ್ಲಿ ಅಂಥ ಅನುಸೂಚಿತ ಪ್ರದೇಶ ಇಲ್ಲ. ಹಾಗಾಗಿ ಹೊನ್ನಾಳಿ ತಾಲ್ಲೂಕಿನ ಗ್ರಾಮಸಭೆಯೊಂದು ನಮಗೆ ಅಂಗಡಿ ಬೇಡ ಎಂದು ಒಕ್ಕೊರಲಿನಿಂದ ಠರಾವು ಮಾಡಿದರೂ ಅದು ಮನವಿಪತ್ರವಷ್ಟೇ. ತಹಸೀಲ್ದಾರರು ಕೈಮುಗಿದು ಸ್ವೀಕರಿಸುತ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತದೆ. ಹೊನ್ನಾಳಿಯೇನು ಸಾಮಾನ್ಯ ಕ್ಷೇತ್ರವಲ್ಲ, ಬಿಜೆಪಿ ಸರ್ಕಾರದ ಕಾಲದಲ್ಲಿ ಎಂ.ಪಿ. ರೇಣುಕಾಚಾರ್ಯ ಅವರ ಮೂಲಕ ರಾಜ್ಯಕ್ಕೆ ಅಬಕಾರಿ ಸಚಿವರನ್ನೇ ಕೊಟ್ಟದ್ದು. ಸಚಿವರನ್ನು ಆರಿಸಿ ಕಳಿಸಬಲ್ಲ ಊರು ತನ್ನ ಬೀದಿಯ ಒಂದು ಅಂಗಡಿಗೆ ಬೇಡ ಎನ್ನಲಾರದು.

ನಮ್ಮ ಕಡೆಯ ಹುಡುಗನೊಬ್ಬ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಊರಿಗೆ ಬಂದಾಗ ಅವನದೂ ಇದೇ ವಾದ, ಇನ್ನೂ ಒಂದು ಮೆಟ್ಟಿಲು ಮೇಲೆ. "ಅಂಕಲ್, ಅಲ್ಲಿ ಗಾಂಜಾಕ್ಕೇ ಲೈಸೆನ್ಸ್ ಕೊಟ್ಟಿದಾರೆ. ಇಲ್ಲೂ ಕೊಟ್ಟು ಟ್ಯಾಕ್ಸ್ ಹಾಕ್ಬೇಕು. ಮೆಕ್ಕೆಜೋಳದ ಸಾಲಲ್ಲಿ ಎರಡು ಗಿಡ ಸಿಕ್ತು ಅಂತ ರೈತನ್ನ ಜೈಲಿಗೆ ಹಾಕೋದು ಯಾವ ನ್ಯಾಯ?" ಅವನ ಕೊನೆಯ ಮಾತನ್ನು ನಾನು ಪೂರಾ ತಳ್ಳಿಹಾಕುವುದಿಲ್ಲ. 1893-94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಸೆಣಬಿನ ಮಾದಕಗಳ ಆಯೋಗವೇ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಪೂರ್ತಿ ನಿಷೇಧ ಬೇಡ, ಸುಂಕ ಮತ್ತು ಲೈಸೆನ್ಸು ಸಾಕು ಎಂದಿತ್ತು. 1985ರ ಎನ್‌ಡಿಪಿಎಸ್ ಕಾಯ್ದೆ ಗಾಂಜಾವನ್ನು ಅಪರಾಧ ಮಾಡಿತು, ಬರಿ ಎಲೆಯ ಭಂಗಿಯನ್ನು ಹೊರಗಿಟ್ಟಿತು. 2022ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರೂ ಭಂಗಿ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ ಎಂದರು. ಇದೆಲ್ಲ ಸರಿ. ಆದರೆ ಹುಡುಗ ಅರ್ಧ ಕತೆ ಮಾತ್ರ ತಂದಿದ್ದ.

ಕ್ಯಾಲಿಫೋರ್ನಿಯಾ 2016ರಲ್ಲಿ ಜನಮತದಿಂದ ಗಾಂಜಾ ವ್ಯಾಪಾರಕ್ಕೆ ದಾರಿ ತೆರೆಯಿತು. ಅದೇ ಕಾನೂನು ಇನ್ನೊಂದು ಮಾತನ್ನೂ ಬರೆಯಿತು: ಅಂಗಡಿ ಬೇಕೋ ಬೇಡವೋ ಎಂದು ಹೇಳುವುದು ಆಯಾ ಊರು. ಊರು ಒಪ್ಪದೆ ರಾಜ್ಯದ ಲೈಸೆನ್ಸು ಸಿಗದು. ನಮ್ಮ ನ್ಯಾಮತಿಯಷ್ಟೇ ಇರುವ ಊರಿನ ಕೌನ್ಸಿಲ್ ಕೂಡ ಸಭೆ ಕರೆದು, ಅಕ್ಕಪಕ್ಕದವರ ಮಾತು ಕೇಳಿ, ಎಷ್ಟು ಅಂಗಡಿ, ಎಷ್ಟು ಹೊತ್ತಿನವರೆಗೆ ಎಂದು ಗೊತ್ತುಮಾಡುತ್ತದೆ. ಸಾಕು ಅನ್ನಿಸಿದರೆ ಬೇಡ ಎನ್ನುತ್ತದೆ. ಆ ರಾಜ್ಯದ ಅರ್ಧಕ್ಕಿಂತ ಹೆಚ್ಚು ನಗರ, ಕೌಂಟಿಗಳು ಚಿಲ್ಲರೆ ಅಂಗಡಿಗೆ ಹಾಗೆ ಬೇಡ ಎಂದವೇ. ಇಷ್ಟೆಲ್ಲ ಆದ ಮೇಲೂ ಅಲ್ಲಿ ಕಳ್ಳ ಗಾಂಜಾ ನಿಂತಿಲ್ಲ. ಊರುಗಳು ಬೇಡ ಎಂದದ್ದರಿಂದಲೇ ನಿಂತಿಲ್ಲ ಎಂದು ಕೆಲವರು, ತೆರಿಗೆ ಜಾಸ್ತಿಯಾಗಿ ನಿಂತಿಲ್ಲ ಎಂದು ಕೆಲವರು. ಯಾರ ಮಾತು ಸರಿ ಇದ್ದರೂ, ಲೈಸೆನ್ಸು ಕೊಟ್ಟ ಕ್ಷಣ ಕಳ್ಳ ವ್ಯಾಪಾರ ಗಂಟುಮೂಟೆ ಕಟ್ಟುತ್ತದೆ ಎಂಬ ನಮ್ಮ ಸಜ್ಜನರ ಸಿದ್ಧಾಂತಕ್ಕೆ ಅಲ್ಲೂ ಸಾಕ್ಷಿ ಸಿಗುವುದಿಲ್ಲ. ಇಲ್ಲಿ ನಾಳೆ ಗಾಂಜಾಕ್ಕೆ ಲೈಸೆನ್ಸು ಬಂದರೆ ಹೇಗೆ ಬರುತ್ತದೆಂದು ಹುಡುಗನಿಗೆ ಹೇಳಿದೆ: ಬೆಂಗಳೂರಿನಲ್ಲಿ ಹರಾಜು, ಹರಾಜಿನಲ್ಲಿ ಹಿಡಿದವನ ಭಾವಮೈದನಿಗೆ ಬಾಡಿಗೆ, ತಿಂಗಳ ಗುರಿ, ಗೂಡಂಗಡಿಯ ಅಜ್ಜಿಯ ಮೇಲೆ ಕೇಸು. ಅವನು ನಕ್ಕ.

ಎದುರಿನ ವಾದಗಳಲ್ಲಿ ಒಂದಕ್ಕೆ ನಿಜವಾದ ತೂಕವಿದೆ. ಹತ್ತಿರದಲ್ಲಿ ಅಂಗಡಿ ಇಲ್ಲದ್ದಕ್ಕೇ ಹುಡುಗರು ಹದಿನೈದು ಕಿಲೋಮೀಟರು ಬೈಕಿನಲ್ಲಿ ಹೋಗಿ ಕುಡಿದು ವಾಪಸ್ ಬರುವಾಗ ಲಾರಿಗೆ ಗುದ್ದುತ್ತಾರೆ ಎಂಬುದು. ಅಂಥ ಸಾವಿನ ಮನೆಗೆ ನಾನೂ ಹೋಗಿದ್ದೇನೆ. ಆದರೆ ದೂರ ಹೋಗಿ ಕುಡಿಯುವವನು ಅಲ್ಲಿ ಕೂತು ಹರಟಲು ಹೋಗುವವನು, ಗೆಳೆಯರ ಜೊತೆ ಡಾಬಾಗೆ ಹೋಗುವವನು. ಪಂಚಾಯಿತಿ ಅಂಗಡಿಯಿಂದ ಪ್ಯಾಕೆಟ್ಟು ಕೊಂಡು ಮನೆ ಹಿತ್ತಲಲ್ಲಿ ಕೂರಲು ಅವನೇನೂ ಒಪ್ಪುವುದಿಲ್ಲ. ಅವನ ಜೀವ ಉಳಿಸುವುದು ರಸ್ತೆಯಲ್ಲಿ ನಿಂತು ಊದಿಸುವ ಪೊಲೀಸಿನವನು.

ಹಾಗಾದರೆ ನಿಷೇಧ ಮಾಡಿ ಎನ್ನುತ್ತೀರಾ? ಇಲ್ಲ. ಬಿಹಾರ 2016ರ ಏಪ್ರಿಲ್‌ನಲ್ಲಿ ನಿಷೇಧಿಸಿತು. 2022ರ ಡಿಸೆಂಬರಿನಲ್ಲಿ ಸಾರಣ ಜಿಲ್ಲೆಯಲ್ಲಿ ವಿಷ ಮದ್ಯ ಕುಡಿದು ಹತ್ತಾರು ಜನ ಸತ್ತರು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ಬಂದ ನಿಷೇಧ 2021ರಲ್ಲಿ ಬಿತ್ತು. ನಮ್ಮಲ್ಲೇ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ಟಿನ ಜಾಗದಲ್ಲಿ ವಿಸ್ಕಿ ಎಂಬ ಹೆಸರಿನ ಪ್ಯಾಕೆಟ್ಟು ಬಂತು. ಕುಡಿಯುವವರ ಮೇಲೆ ನನಗೆ ಜಗಳವೂ ಇಲ್ಲ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗಲೂ ತಮ್ಮ ಗ್ಲಾಸನ್ನು ಟವೆಲಿನಲ್ಲಿ ಮುಚ್ಚಿಟ್ಟವರಲ್ಲ. ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದ, ಜಗಳೂರನ್ನು ಚಿತ್ರದುರ್ಗದಿಂದ ತೆಗೆದು 1997ರಲ್ಲಿ ದಾವಣಗೆರೆ ಜಿಲ್ಲೆ ಮಾಡಿದವರೂ ಅವರೇ. ಬೆಂಗಳೂರು ದೂರ, ಆಡಳಿತ ಹತ್ತಿರ ಬರಬೇಕು ಎಂಬುದೇ ಅಂದಿನ ಮಾತು. ಎಲ್ಲ ಹತ್ತಿರ ಬಂತು, ಮದ್ಯದಂಗಡಿಯ ತೀರ್ಮಾನವೊಂದು ಬಿಟ್ಟು.

2019ರ ಜನವರಿಯಲ್ಲಿ ಜಗಳೂರಿನ ಪಕ್ಕದ ಚಿತ್ರದುರ್ಗದಿಂದ ಸಾವಿರಾರು ಹೆಣ್ಣುಮಕ್ಕಳು ಬೆಂಗಳೂರಿಗೆ ನಡೆದರು, 19ರಂದು ಹೊರಟು 30ಕ್ಕೆ ಮುಟ್ಟಿದರು. ಕೇಳಿದ್ದು ಮದ್ಯ ನಿಷೇಧ. ನನ್ನ ಮಟ್ಟಿಗೆ ಅವರ ಬೇಡಿಕೆ ತಪ್ಪು, ನಡಿಗೆ ಸರಿ. ತಮ್ಮ ಬೀದಿಯ ಅಂಗಡಿಯ ವಿಷಯ ಹೇಳಲು ಇನ್ನೂರು ಕಿಲೋಮೀಟರು ನಡೆದು ವಿಧಾನಸೌಧದ ಬಾಗಿಲು ಬಡಿಯಬೇಕಾದ ವ್ಯವಸ್ಥೆಯ ಬಗ್ಗೆ ಆಗ ಯಾರೂ ಬರೆಯಲಿಲ್ಲ. ನಿಷೇಧ ಸಾಧ್ಯವೇ ಎಂದು ಎಲ್ಲರೂ ಬರೆದರು. ಆರು ವರ್ಷದ ಮೇಲೆ, 2025ರ ಮಾರ್ಚ್‌ನಲ್ಲಿ, ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ವಿಧಾನಸಭೆಯಲ್ಲಿ ಎದ್ದು ನಿಂತು, ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಸದನ ನಕ್ಕಿತು.

ಊರನ್ನು ದೇವರೆಂದು ಕೂರಿಸಲು ನಾನು ಬಂದಿಲ್ಲ. ಊರಿನ ಬಣ್ಣ ಗೊತ್ತು. ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಊರ ಹಿರಿಯರೇ ಸೇರಿ ಈ ಕಳ್ಳ ಮಾರಾಟದ ಹಕ್ಕನ್ನು ವರ್ಷಕ್ಕೊಮ್ಮೆ ಹರಾಜು ಹಾಕುತ್ತಾರೆ, ದುಡ್ಡು ದೇವಸ್ಥಾನದ ಗೋಪುರಕ್ಕೆ. ಇದನ್ನು ನೋಡಿ ಅಧಿಕಾರಿಗಳು ನಗುತ್ತಾರೆ, ಇಂಥವರ ಕೈಗೆ ಅಧಿಕಾರ ಕೊಡಬೇಕಾ ಎನ್ನುತ್ತಾರೆ. ನಗುವ ಹಕ್ಕು ಅವರಿಗಿಲ್ಲ. ಅದೇ ಹರಾಜನ್ನೇ ಸರ್ಕಾರ ಈಗ ಕಂಪ್ಯೂಟರಿನಲ್ಲಿ ಮಾಡಲು ಹೊರಟಿರುವುದು, ಗೋಪುರದ ಬದಲು ಗ್ಯಾರಂಟಿ ಯೋಜನೆಗಳಿಗೆ. ಗ್ರಾಮಸಭೆಯಲ್ಲಿ ಕೈ ಎತ್ತಿಸಿದರೆ ಗೌಡರ ಮುಖ ನೋಡಿ ಕೈ ಏಳುತ್ತವೆ ಎಂಬುದೂ ನಿಜ. ಅದಕ್ಕೇ ಮಹಾರಾಷ್ಟ್ರ 2008ರಲ್ಲಿ ಕೈ ಎತ್ತಿಸುವುದನ್ನು ಬಿಟ್ಟು ಮತಪೆಟ್ಟಿಗೆ ಇಟ್ಟಿತು. ಊರಿನ ಕಾಲು ಭಾಗ ಹೆಣ್ಣುಮಕ್ಕಳು ಸಹಿ ಹಾಕಿದರೆ ಗುಟ್ಟಿನ ಮತದಾನ. ಚೀಟಿಯಲ್ಲಿ ಅಕ್ಷರ ಓದಬೇಕಿಲ್ಲ, ಎರಡು ಚಿತ್ರ: ನೆಟ್ಟಗೆ ನಿಂತ ಬಾಟಲಿ, ಅಡ್ಡ ಬಿದ್ದ ಬಾಟಲಿ. ಪಟ್ಟಿಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮತ ಅಡ್ಡ ಬಾಟಲಿಗೆ ಬಿದ್ದರೆ ಅಂಗಡಿಗೆ ಬೀಗ. ರಾಜಸ್ತಾನದಲ್ಲೂ ಇಂಥ ನಿಯಮವಿದೆ. 2016ರಲ್ಲಿ ರಾಜಸಮಂದ್ ಜಿಲ್ಲೆಯ ಕಾಛಬಲಿ ಎಂಬ ಊರು ಮತ ಹಾಕಿ ಅಂಗಡಿ ಮುಚ್ಚಿಸಿತು. ಸಹಿ ಪರಿಶೀಲನೆಯ ಹೆಸರಿನಲ್ಲಿ ಅಧಿಕಾರಿಗಳು ಎಳೆದಾಡುವುದುಂಟು. ಊರಲ್ಲಿಲ್ಲದವರ, ಗುಳೆ ಹೋದವರ ಹೆಸರೂ ಪಟ್ಟಿಯಲ್ಲಿರುವುದರಿಂದ ಅರ್ಧ ಮುಟ್ಟುವುದು ಕಷ್ಟ. ಜಗಳೂರಿನಂಥ ಕಡೆ ಇನ್ನೂ ಕಷ್ಟ. ಸೋತ ಊರುಗಳೂ ಇವೆ. ಇರಲಿ. ಸೋತರೂ ಅಲ್ಲಿ ಅಂಗಡಿ ನಿಂತಿರುವುದು ಊರು ಒಪ್ಪಿದ್ದಕ್ಕೆ.

ಇಲ್ಲಿ ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಜೂನ್ ಕೊನೆಯ ವಾರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸನ್ನದುಗಳೆಲ್ಲ ಶುಲ್ಕ ಕಟ್ಟಿಸಿಕೊಂಡು ಹೊಸದಾಗುತ್ತವೆ. ಅಂಥದೊಂದು ಜೂನ್ ಕೊನೆಯಲ್ಲಿ ಈ ನಾಲ್ಕರಲ್ಲೊಂದು ಊರಿನ ಸಾಮಾನ್ಯ ಸಭೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅಜೆಂಡಾದ ಪ್ರತಿಯೊಂದು ಇನ್ನೂ ನನ್ನ ಹತ್ತಿರ ಇದೆ. ಬೀದಿದೀಪ, ಮಳೆಗಾಲದ ಚರಂಡಿ ಹೂಳು, ಬೀದಿನಾಯಿ, ಸಂತೆ ಸುಂಕದ ಬಾಕಿ, ಬಸ್ ಸ್ಟ್ಯಾಂಡ್ ಹತ್ತಿರದ ಮಾಂಸದಂಗಡಿಗಳನ್ನು ಊರ ಹೊರಗೆ ಸ್ಥಳಾಂತರಿಸುವುದು. ಕೊನೆಯ ವಿಷಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು, ಎರಡು ಪಕ್ಷದವರೂ ಕುರ್ಚಿ ಬಿಟ್ಟು ಎದ್ದು ಕೂಗಾಡಿದರು. ಸಭೆ ಮುಗಿದು ಹೊರಗೆ ಬಂದಾಗ, ಮಾಂಸದಂಗಡಿ ಸಾಲಿಗೆ ತಾಗಿಕೊಂಡೇ ಇರುವ ವೈನ್ ಶಾಪಿನ ಮುಂದೆ ಬೈಕಿನವನೊಬ್ಬ ಗೊಬ್ಬರದ ಚೀಲದ ಬಾಯಿ ಕಟ್ಟುತ್ತಿದ್ದ.